ಸ್ವಲ್ಪ ಹಿಂದಕ್ಕೆ

ಅಪ್ಪ,

ಇವತ್ತು ಭಿನ್ನರಾಶಿಯ ಭಾಗಾಕಾರ ಹೇಳಿಕೊಡುತ್ತಿದ್ದೆ. ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು, "ಮಿಸ್, ಸ್ವಲ್ಪ ಹಿಂದಕ್ಕೆ ಹೋಗ್ತೀರಾ?" ಅಂದಳು. ಮೊಬೈಲಿನಲ್ಲಿ ಪಾಠದ ವಿಡಿಯೋ ಹಿಂದಕ್ಕೆ ಸರಿಸಿ ನೋಡಿ ಬಂದ ಅಭ್ಯಾಸ. ಎಲ್ಲರೂ ನಕ್ಕರು, ನಾನೂ ನಕ್ಕೆ.

"ಮನೇಲಿ ಎಷ್ಟು ಸಲ ಹಿಂದಕ್ಕೆ ಹೋಗ್ತೀಯ?"

"ತಲೆಗೆ ಹತ್ತೋವರೆಗೂ. ಮೊಬೈಲು ಬೈಯಲ್ಲ, ಮಿಸ್."

ನೀವೂ ಲೆಕ್ಕದ ಮೇಷ್ಟ್ರು. ಹೇಳಿದ್ದನ್ನೇ ಮತ್ತೆ ಹೇಳುವುದು ನಿಮ್ಮ ಜಾಯಮಾನವಾಗಿರಲಿಲ್ಲ, ನನ್ನದೂ ಅಲ್ಲ. ಆದರೂ ಬೋರ್ಡು ಒರೆಸಿ ಮೊದಲಿನಿಂದ ಹೇಳಿದೆ. ಆಗ, ದಿನವೂ ಗೋಣು ಆಡಿಸುವ ಮುಂದಿನ ಬೆಂಚಿನವರೇ "ಇನ್ನೊಂದ್ಸಲ, ಮಿಸ್" ಅಂದರು.

ಇಷ್ಟು ದಿನ ಇವರೆಲ್ಲ ಯಾವುದಕ್ಕೆ ಗೋಣು ಆಡಿಸುತ್ತಿದ್ದರೋ ಎಂಬ ಕುತೂಹಲ ಸಂಜೆಯಿಂದ ಬಿಡುತ್ತಿಲ್ಲ. ನಿಮ್ಮನ್ನೇ ಕೇಳೋಣವೆಂದರೆ ನೀವಿಲ್ಲ.

ಅಪ್ಪ, ನಿಮ್ಮೆದುರು ಕೂತು ನಾನು "ಅರ್ಥ ಆಯ್ತು" ಅಂದಾಗಲೆಲ್ಲ ನೀವು ನಂಬುತ್ತಿದ್ದಿರಾ?