ಮಳೆಯ ತಲೆಗೆ ಕಟ್ಟಿದ ತಪ್ಪು

ಕೆಳಬೀದಿ,
ಗುರುವಾರ

‘ಪ್ರೀತಿಯ’ ಎಂದು ಬರೆಯಲು ಕೈ ಬರುತ್ತಿಲ್ಲ, ಬರೀ ನಿಮಗೆ,

ಇಲ್ಲಿ ನಾನೂ ಅತ್ತೆಯೂ ಕ್ಷೇಮ. ನಿಮ್ಮ ಕ್ಷೇಮ ನಿಮ್ಮ ವರದಿಯಲ್ಲೇ ಕಾಣಿಸಿತು.

ಹವಾಮಾನ ಕೆಟ್ಟ ಮೇಲೆ ನಮ್ಮಂಥವರ ಬದುಕು ಏನಾಯಿತೆಂದು ನೀವು ಮಾಡಿದ ಸಂಶೋಧನೆಯ ವರದಿಯನ್ನು ನಗರಸಭೆಯವರು ತಮ್ಮ ಕಚೇರಿಯ ಗೋಡೆಗೆ ಅಂಟಿಸಿದ್ದಾರೆ. ಹೊಲಿದ ಬಟ್ಟೆ ಕೊಟ್ಟು ಬರುವಾಗ ನಿಂತು ಓದಿದೆ. ನಮ್ಮ ಮನೆಯೂ ಅದರಲ್ಲಿದೆ, ಹೆಸರಿಲ್ಲದೆ. ಪದೇಪದೇ ನೀರು ನುಗ್ಗಿದ್ದರಿಂದ ಗಂಡ ಮನೆ ಬಿಟ್ಟನಂತೆ. ಇಂಥ ಕುಟುಂಬಗಳು ತಾವಾಗಿಯೇ ಬೀದಿ ಖಾಲಿ ಮಾಡುತ್ತಿವೆಯಂತೆ. ಆಹಾ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀವು ಹೋದದ್ದು ನೀರಿಗೆ ಹೆದರಿಯೋ, ಮೇಲಿನ ಬೀದಿಯಲ್ಲಿ ಇನ್ನೊಬ್ಬಳ ಮನೆ ಬೆಚ್ಚಗಿತ್ತೆಂದೋ?

ಹೌದು, ಪ್ರಶ್ನೆ ಕೇಳಲು ನೀವು ಕಳಿಸಿದ ಹುಡುಗಿಗೆ ಹಾಗೆ ಹೇಳಿದವಳು ನಾನೇ. ಪಕ್ಕದಲ್ಲೇ ಅತ್ತೆ ಕೂತಿದ್ದರು. ಮಗ ನೀರಿನ ಕಾಟಕ್ಕೆ ಹೋದ, ಮೋರಿ ಸರಿಯಾದರೆ ಬರುತ್ತಾನೆ ಎಂದು ಅವರಿಗೆ ಹೇಳಿಕೊಂಡು ಬಂದಿದ್ದೆ. ಅವರೆದುರು ಇನ್ನೇನು ಹೇಳಲಿ? ಆ ಹುಡುಗಿಗೆ ನಿಜ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತಲ್ಲ! ಓದಿ, ಖುಷಿಪಟ್ಟು, ಅಚ್ಚು ಹಾಕಿಸಿದಿರಿ.

ಜನ ಹೇಗೂ ಹೋಗುತ್ತಿದ್ದಾರೆ, ಮೋರಿ ಅಗಲ ಮಾಡುವುದೇಕೆ ಎಂದು ಈಗ ನಗರಸಭೆಯ ಎಂಜಿನಿಯರ್ ಕೇಳುತ್ತಿದ್ದಾನೆ. ಯಾರು ಹೋಗಿದ್ದಾರೆ? ಬೇಕರಿಯವನು ಒಲೆಯನ್ನು ಇಟ್ಟಿಗೆಯ ಮೇಲೆ ಏರಿಸಿಕೊಂಡು ಇಲ್ಲೇ ಇದ್ದಾನೆ. ಈ ಸಲ ಸೊಂಟದವರೆಗೆ ನೀರು ಬಂದಾಗ ಅತ್ತೆಯನ್ನು ಹೊತ್ತು ತನ್ನ ಮಹಡಿಗೆ ಸೇರಿಸಿದವನೂ ಅವನೇ. ನೀರು ನನ್ನ ಹೊಲಿಗೆ ಯಂತ್ರ ಕೆಡಿಸಿತು, ಗೋಡೆ ಕೆಡಿಸಿತು, ಕೈಗೆ ಬಂದ ಕೆಲಸ ಕಸಿದುಕೊಂಡಿತು. ಅದನ್ನು ಬರೆಯಿರಿ. ನಮ್ಮ ಸಂಸಾರ ಒಡೆದದ್ದು ನೀವು. ಅದನ್ನು ಮಳೆಯ ತಲೆಗೆ ಕಟ್ಟಿದರೆ ಮುಳುಗುವುದು ಇಡೀ ಬೀದಿ. ನನಗೆ ಮೈಯೆಲ್ಲ ಉರಿಯುತ್ತಿದೆ.

ಸೋಮವಾರ ಮೋರಿಯ ಬಗ್ಗೆ ಸಭೆ. ಎದ್ದು ನಿಂತು ಆ ಸಾಲು ಸುಳ್ಳೆಂದು ಹೇಳಿ. ನೀವು ಹೇಳದಿದ್ದರೆ ನಾನು ಹೇಳುತ್ತೇನೆ. ನನಗೆ ಮೈಕು ಬೇಕಾಗಿಲ್ಲ, ನಿಮಗೇ ಗೊತ್ತು.

ಇತಿ,
ಕಾಗದದ ಮಟ್ಟಿಗೆ ಇನ್ನೂ ನಿಮ್ಮ ಹೆಂಡತಿ

ಮತ್ತೊಂದು ಮಾತು: ಇಷ್ಟನ್ನೂ ಅತ್ತೆಗೆ ಓದಿ ಹೇಳಿದೆ. ಅವರು ಅಳಲಿಲ್ಲ. ‘ಅವನು ಮನೆ ಬಿಟ್ಟ ವರ್ಷ ಮಳೆನೇ ಆಗಿರ್ಲಿಲ್ವಲ್ಲೇ, ನೀನು ಬೇಜಾರು ಮಾಡ್ಕೋತೀಯ ಅಂತ ಸುಮ್ನಿದ್ದೆ’ ಅಂದರು. ಸೋಮವಾರ ಅವರೂ ಬರುತ್ತಾರೆ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿಸಿ. ನಿಮ್ಮ ಅಮ್ಮನಿಗೆ ಮಂದವಾಗಿರುವುದು ಕಿವಿ, ನಾಲಿಗೆಯಲ್ಲ.