ಕೆಂಪು ಗೆರೆ

ಬ್ಯಾಡಗಿ
ಭಾನುವಾರ

ಸುಧಾರಾಣಿ ಮೇಡಂ ಅವರಿಗೆ ನಮಸ್ಕಾರಗಳು.

ಮುಂದಿನ ತಿಂಗಳ ಮೌಂಟನ್ ಬೈಕ್ ರೇಸಿನ ಪಟ್ಟಿಯಿಂದ ನನ್ನ ಹೆಸರು ತೆಗೆದುಬಿಡಿ. ಆ ಜಾಗ ನಮ್ಮ ತಂಡದ ಅಂಜಲಿಗೆ ಕೊಡಿ. ನನ್ನ ಹೆಲ್ಮೆಟ್ಟೂ ಅವಳಿಗೆ ಸರಿಹೋಗುತ್ತದೆ.

ಮೊಣಕಾಲಿನ ಒಳಗೆ ಸವೆದುಹೋಗಿದೆ, ಇನ್ನು ಗುಡ್ಡ ಹತ್ತುವ ಸೈಕಲ್ ಬೇಡವೇ ಬೇಡ ಎಂದರು ಹಾವೇರಿಯ ಡಾಕ್ಟರು. "ಸೀಟ ಭಾಳ ಕೆಳಗಿಟ್ಟು ತುಳದೀಯೇನವಾ?" ಎಂದೂ ಕೇಳಿದರು. ಪುಣ್ಯಕ್ಕೆ ಅಪ್ಪ ಮಾತ್ರೆ ತರಲು ಹೋಗಿದ್ದ.

ಸೀಟು ಕೆಳಗಿದ್ದರೆ ಮೊಣಕಾಲು ಹಾಳಾಗುತ್ತದೆ ಎಂದು ಎರಡು ವರ್ಷದಿಂದ ನೀವೂ ಹೇಳುತ್ತಲೇ ಇದ್ದಿರಿ. ತರಬೇತಿಯಲ್ಲಿ ನಿಮ್ಮೆದುರು ಏರಿಸಿದ ಸೀಟನ್ನು ನಾನು ಮನೆಗೆ ಬರುವಾಗ ರಾಣೆಬೆನ್ನೂರು ದಾಟುತ್ತಲೇ ಇಳಿಸುತ್ತಿದ್ದೆ. ದಿನಾ ಊರ ಗುಡ್ಡ ಹತ್ತಿದ್ದು ಹಾಗೆಯೇ. ಎರಡೂ ಪಾದ ನೆಲಕ್ಕೆ ಊರಬೇಕು ಎಂದು ಅಪ್ಪ ಸೀಟಿನ ಕೊಳವೆಗೆ ಕೆಂಪು ಬಣ್ಣದ ಗೆರೆ ಎಳೆದಿದ್ದ. ಮೂವತ್ತು ವರ್ಷದಿಂದ ತನ್ನ ಸೈಕಲ್ ಅಂಗಡಿಯಲ್ಲಿ ಊರಿನ ಹೆಣ್ಣುಮಕ್ಕಳಿಗೆಲ್ಲ ಹಾಗೆಯೇ ಸೀಟು ಕೂರಿಸಿದವನು. ಆ ಗೆರೆ ತಪ್ಪು ಎನ್ನಲು ಬಾಯಿ ಬರಲಿಲ್ಲ. ನೋವಿನ ಮಾತ್ರೆ ನುಂಗಿದೆ. ಈಗ ನೆಲದ ಮೇಲೆ ಊಟಕ್ಕೆ ಕೂರಲೂ ಆಗುತ್ತಿಲ್ಲ.

ಅಪ್ಪ ಫೋನ್ ಮಾಡಿದರೆ, ಬಿದ್ದು ಪೆಟ್ಟಾಯಿತು ಎಂದೇ ಹೇಳಿ; ಅವನಿಗೆ ನಾನು ಹೇಳಿರುವುದೂ ಅದನ್ನೇ. ಸೀಟಿನ ಮಾತು ಎತ್ತಬೇಡಿ.

ಇದನ್ನು ಬರೆಯುತ್ತಿರುವಾಗ ಅವನು ಅಂಗಳದಲ್ಲಿ ನಟ್ಟು ತಿರುಗಿಸುವ ಪಾನಾ ಹಿಡಿದು ನನ್ನ ಸೈಕಲ್ ಮುಂದೆ ಕೂತಿದ್ದಾನೆ. "ಇನ್ನ ಎರಡು ಬೆರಳು ಕೆಳಗ ಇಳಿಸೇನಿ ನೋಡವಾ, ಇನ್ನ ಕಾಲು ನೋಯಂಗಿಲ್ಲ" ಎಂದ.

"ಹೂಂ ಅಪ್ಪಾ" ಎಂದೆ.

ನಿಮ್ಮ ಮಾತು ಕೇಳದ,
ಹೊಳಿಯವ್ವ