ಬಸ್ಸಿನ ಕಿಟಕಿಯಿಂದ ನೀನು ಅಂದ ಮಾತು

ತ್ಯಾಗರಾಜನಗರ, ಬೆಂಗಳೂರು
ಮಂಗಳವಾರ, ೧೧ ನವೆಂಬರ್ ೨೦೨೫

ಪ್ರೀತಿಯ ಸುಧಾ,

ಹೇಗಿದ್ದೀಯೆ? ಮಂಡಿನೋವು ಹೇಗಿದೆ? ಬಾಣಂತಿ ಮಗಳಿಗೆ ನೀರು ಹಾಕುತ್ತೇನೆಂದು ಹಂಡೆ ಎತ್ತುವ ಸಾಹಸ ಮಾಡಬೇಡ. ಆ ಮನೆಯಲ್ಲಿ ಗಟ್ಟಿಮುಟ್ಟಾದ ಅಳಿಯ ಇದ್ದಾನೆ, ಅವನು ಎತ್ತಲಿ. ಹೇಮಶ್ರೀ ಉಪ್ಪಿನಕಾಯಿ ಆಸೆಗೆ ಅಡುಗೆಮನೆಗೆ ನುಗ್ಗದ ಹಾಗೆ ನೋಡಿಕೊ. ಅವಳು ಚಿಕ್ಕವಳಾಗಿದ್ದಾಗಲೂ ಜಾಡಿಗೆ ಕೈ ಹಾಕಿ ಸಿಕ್ಕಿಬೀಳುತ್ತಿದ್ದವಳೇ. ಕೂಸು ಹೊಟ್ಟೆ ತುಂಬ ಹಾಲು ಕುಡಿಯುತ್ತಿದೆಯೇ? ಇಲ್ಲಿ ಪ್ರಮೋದ್, ಶಾಲಿನಿ, ನಾನು ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ತುಳಸಿಗೆ ದಿನಾ ನೀರು ಹಾಕುತ್ತಿದ್ದೇನೆ, ನಾನೇ.

ಆದರೆ ನೀನು ಹೊಸಪೇಟೆಗೆ ಹೊರಟ ದಿನದಿಂದ ನನ್ನ ತಲೆಯಲ್ಲಿ ಒಂದು ಹುಳ ಕೊರೆಯುತ್ತಿದೆ. ಮೆಜೆಸ್ಟಿಕ್‌ನಲ್ಲಿ ಬಸ್ಸು ಹೊರಡುವಾಗ ನೀನು ಕಿಟಕಿಯಿಂದ ಬಗ್ಗಿ ಏನೋ ಅಂದೆ. ನಾನು ಯಾವತ್ತಿನ ಹಾಗೆ ‘ಆಯ್ತು, ಆಯ್ತು’ ಎಂದು ತಲೆಯಾಡಿಸಿದೆ. ನೀನು ನಕ್ಕೆ, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡೆ. ಬಸ್ಸು ಹೊರಟುಹೋಯಿತು. ನಾನು ಒಪ್ಪಿಕೊಂಡದ್ದು ಏನನ್ನು ಎಂದು ಇವತ್ತಿಗೂ ಗೊತ್ತಿಲ್ಲ. ಗ್ಯಾಸ್ ಆಫ್ ಮಾಡಿ ಎಂದು ಹೇಳಿ ಯಾರೂ ಕಣ್ಣೊರೆಸಿಕೊಳ್ಳುವುದಿಲ್ಲ. ಪಕ್ಕದಲ್ಲೇ ನಿಂತಿದ್ದ ಶಾಲಿನಿ ಎಲ್ಲ ಕೇಳಿಸಿಕೊಂಡಿದ್ದಾಳೆ, ಬಾಯಿ ಮಾತ್ರ ಬಿಡಲೊಲ್ಲಳು. ‘ಅತ್ತೆ ಹೇಳಿದ್ದು ನಿಮ್ಗೆ ಮಾವ, ಅವ್ರ ಬಾಯಿಂದ್ಲೇ ಕೇಳಿಸ್ಕೊಳ್ಳಿ’ ಅನ್ನುತ್ತಾಳೆ. ಖಾರಾ ಬನ್ನು ತಂದುಕೊಟ್ಟೆ. ತಿಂದಳು, ಹೇಳಲಿಲ್ಲ. ಎಂಥ ಸೊಸೆಯನ್ನು ಹುಡುಕಿ ತಂದಿದ್ದೀಯೆ ಕಣೆ!

ಈಗ ಮುಖ್ಯ ಸಮಾಚಾರ. ಕೂತಿದ್ದೀಯೇನು? ಇಲ್ಲದಿದ್ದರೆ ಕೂತುಕೊ. ನಾನು ಕಿವಿಗೆ ಮಿಷನ್ನು ಹಾಕಿಸಿಕೊಂಡೆ. ಹೌದು, ನಾನೇ! ‘ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ’ ಎಂದು ನೀನು ಬೈದಾಗಲೆಲ್ಲ ನಗುತ್ತಿದ್ದೆನಲ್ಲ, ಅದೇ ಕೋಣ. ಇದನ್ನು ನಿನಗೆ ಫೋನಿನಲ್ಲಿ ಹೇಳಕೂಡದು ಎಂದು ಮನೆಯಲ್ಲಿ ಎಲ್ಲರ ಬಾಯಿಗೂ ಬೀಗ ಹಾಕಿಸಿದ್ದೇನೆ. ವಾಟ್ಸಾಪಿನಲ್ಲಿ ಹಾಕೋಣ ಎಂದ ಪ್ರಮೋದ್. ಅದು ಇಡೀ ನೆಂಟರ ಗುಂಪಿಗೆ ಹೋಗಿ, ಎಲ್ಲರೂ ಕೈಮುಗಿಯುವ ಚಿತ್ರ ಕಳಿಸುವ ಮೊದಲು ನಿನಗೆ ತಿಳಿಯಬೇಕಿತ್ತು.

ಇದಕ್ಕೆಲ್ಲ ಕಾರಣ ನಿನ್ನ ಮೊಮ್ಮಗಳು. ಹುಟ್ಟಿದ ದಿನ ಫೋನಿನಲ್ಲಿ ಅವಳನ್ನು ತೋರಿಸಿದಿರಲ್ಲ, ಇಲ್ಲಿ ಶಾಲಿನಿ ‘ಅಯ್ಯೋ ಎಷ್ಟ್ ಜೋರಾಗ್ ಅಳ್ತಾಳೆ ನೋಡಿ!’ ಎಂದು ಕುಣಿದಾಡಿದಳು. ನಾನು ನೋಡಿದೆ. ಕೆಂಪಗಿನ ಪುಟ್ಟ ಬಾಯಿ ತೆರೆದಿತ್ತು, ಅಷ್ಟೇ. ನನ್ನ ಪಾಲಿಗೆ ಒಂದು ಚೂರೂ ಸದ್ದಿರಲಿಲ್ಲ. ಮಾರನೆಯ ಬೆಳಗ್ಗೆ ನಾನೇ ಪ್ರಮೋದನ ಸ್ಕೂಟರಿನ ಹಿಂದೆ ಹತ್ತಿ ಕೂತು ‘ನಡಿಯೋ ಜಯನಗರದ ಕಿವಿ ಡಾಕ್ಟರ ಹತ್ರ’ ಎಂದೆ. ಅವನು ಹೆಲ್ಮೆಟ್ ಹಾಕಿಕೊಳ್ಳುವುದನ್ನೂ ಮರೆತು ನನ್ನ ಮುಖ ನೋಡುತ್ತ ನಿಂತ.

ಅಲ್ಲಿ ಒಂದು ಗಾಜಿನ ಗೂಡಿನಲ್ಲಿ ಕೂರಿಸಿ, ಕೈಗೊಂದು ಗುಂಡಿ ಕೊಟ್ಟು, ಸದ್ದು ಕೇಳಿದಾಗ ಒತ್ತಿ ಎಂದಳು ಡಾಕ್ಟರಮ್ಮ. ನಾನು ಬಿಡುತ್ತೇನೆಯೇ? ಫೇಲಾಗಬಾರದೆಂದು ಒಂದೇ ಸಮನೆ ಒತ್ತಿದೆ. ಆ ಡಾಕ್ಟರ್ ಹುಡುಗಿ ಬಾಗಿಲು ತೆಗೆದು, ಕಿವಿಯ ಹತ್ತಿರ ಬಂದು, ‘ಅಂಕಲ್, ನಾನಿನ್ನೂ ಸೌಂಡೇ ಹಾಕಿಲ್ಲ’ ಅಂದಳು. ಪ್ರಮೋದ್ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೂ ನಗು ಬಂತು. ಹಿಟ್ಟಿನ ಮಿಲ್ಲಿನ ಸದ್ದಿನಲ್ಲಿ ಜೀವಮಾನ ಕಳೆದ ಕಿವಿ ಅಂಕಲ್, ಇಷ್ಟಾದರೂ ಉಳಿದಿದೆಯಲ್ಲ ಎಂದಳು ಅವಳು. ಆಮೇಲೆ ಅಳತೆ ಮಾಡಿ ಎರಡು ಪುಟ್ಟ ಮಿಷನ್ನು ಕಿವಿಯ ಹಿಂದೆ ಸಿಕ್ಕಿಸಿದಳು, ಕನ್ನಡಕದ ಕಡ್ಡಿಯ ಪಕ್ಕದಲ್ಲಿ ಕಾಣುವುದೇ ಇಲ್ಲ.

ಸುಧಾ, ಲೋಕ ಇಷ್ಟು ಗಲಾಟೆ ಎಂದು ನೀನು ಒಂದು ದಿನವೂ ಹೇಳಲಿಲ್ಲವಲ್ಲೇ! ಪೇಪರ್ ಮಡಚಿದರೆ ಹಪ್ಪಳ ಮುರಿದ ಹಾಗಾಗುತ್ತದೆ. ನನ್ನ ಚಪ್ಪಲಿ ಪರಪರ ಎನ್ನುತ್ತದೆ. ಹಾಲ್‌ನ ಫ್ಯಾನು ಗೊಣಗುತ್ತದೆ, ಅದರ ಕೆಳಗೆ ಇಷ್ಟು ವರ್ಷ ಹಾಯಾಗಿ ನಿದ್ದೆ ಹೊಡೆದಿದ್ದೇನೆ. ಶಾಲಿನಿ ತರಕಾರಿ ಹೆಚ್ಚುತ್ತ ಹಾಡಿಕೊಳ್ಳುತ್ತಾಳೆ, ಎಷ್ಟು ಚೆನ್ನಾಗಿ ಹಾಡುತ್ತಾಳೆ ಗೊತ್ತೇ? ಗೊತ್ತೇ ಇರುತ್ತದೆ ನಿನಗೆ. ತೊಂದರೆಯೂ ಉಂಟು. ಮಫ್ಲರ್ ಸುತ್ತಿಕೊಂಡರೆ ಕುಂಯ್ ಎಂದು ಶಿಳ್ಳೆ ಹೊಡೆಯುತ್ತದೆ. ಬನಶಂಕರಿ ಸಿಗ್ನಲ್ಲಿನಲ್ಲಿ ಹಾರ್ನಿಗೆ ತಲೆ ಸಿಡಿದು ಕಿತ್ತು ಜೇಬಿಗೆ ಹಾಕಿಕೊಂಡೆ. ದಿನಾ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಕೊಳ್ಳಬೇಕಂತೆ. ಮನೆಯವರಿಗೂ ಅಭ್ಯಾಸ ತಪ್ಪಿಲ್ಲ, ಪ್ರಮೋದ್ ಈಗಲೂ ‘ಅಪ್ಪಾ ಕಾಫೀ’ ಎಂದು ಬೀದಿಗೆ ಕೇಳುವ ಹಾಗೆ ಅರಚುತ್ತಾನೆ. ಕಿವಿ ಬಂದಿದೆ ಕಣೋ ಎಂದು ದಿನಾ ಬೈಯುತ್ತೇನೆ.

ಮಿಲ್ಲಿಗೆ ಇದನ್ನು ಹಾಕಿಕೊಂಡು ಹೋಗಬೇಡಿ, ಹಿಟ್ಟಿನ ಧೂಳು, ಮೇಲಾಗಿ ಆ ಸದ್ದು, ಅಲ್ಲಿ ಕಿವಿ ಮುಚ್ಚಿಕೊಳ್ಳುವ ಸಾಧನ ಹಾಕಿಕೊಳ್ಳಿ ಎಂದು ಡಾಕ್ಟರಮ್ಮ ಕೈಮುಗಿದು ಹೇಳಿದ್ದಳು. ನಾನು ಕೇಳುವ ಪೈಕಿಯೇ? ಮೊದಲ ದಿನವೇ ಹಾಕಿಕೊಂಡು ಹೋಗಿ ಸ್ವಿಚ್ ಒತ್ತಿದೆ. ಅಯ್ಯೋ ರಾಮ! ಒಳಗೆ ಟಕಟಕ, ಬೆಲ್ಟಿನಲ್ಲಿ ಕಿರಕಿರ. ಗಿರಣಿ ಕೆಟ್ಟಿತು ಎಂದು ನಿಲ್ಲಿಸಿದೆ. ರಾಗಿ ತಂದಿದ್ದ ಹೆಂಗಸರನ್ನೆಲ್ಲ ಕೂರಿಸಿ, ಬೆಲ್ಟು ಬಿಚ್ಚಿ, ಕಲ್ಲು ಎತ್ತಿಸಿ, ಮೆಕ್ಯಾನಿಕ್ ಗುರುಸಿದ್ದನನ್ನು ಕುಮಾರಸ್ವಾಮಿ ಲೇಔಟಿನಿಂದ ಓಡಿಬರುವ ಹಾಗೆ ಮಾಡಿದೆ. ಅವನು ಎಲ್ಲ ಜೋಡಿಸಿ, ಓಡಿಸಿ, ನನ್ನ ಕಿವಿಯನ್ನೊಮ್ಮೆ ನೋಡಿ, ‘ಅಣ್ಣೋ, ಇದು ನಿಮ್ಮಪ್ಪನ ಕಾಲ್ದಿಂದ್ಲೂ ಹಿಂಗೇ ಅರಚ್ತೈತೆ’ ಅಂದ. ನೀಲಗಂಗಮ್ಮ ತನ್ನ ರಾಗಿ ಡಬ್ಬದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಈಗ ಮಿಲ್ಲಿನಲ್ಲಿ ಮಿಷನ್ನು ತೆಗೆದು ನಿನ್ನ ಅಡಿಕೆ ಡಬ್ಬಿಯಲ್ಲಿ ಭದ್ರವಾಗಿ ಇಡುತ್ತೇನೆ. ಅಲ್ಲಿ ಹಳೆಯ ಕೈಸನ್ನೆಯೇ ಸಾಕು. ಬೆರಳು ಉಜ್ಜಿದರೆ ನೈಸು, ಮುಷ್ಟಿ ತೋರಿಸಿದರೆ ತರಿ.

ಮನೆಯಲ್ಲಿ ಮಾತ್ರ ಇನ್ನು ಸನ್ನೆ ಬೇಡ. ನೀನು ‘ರೀ’ ಎಂದು ಕರೆದು ಕರೆದು ಸೋತು, ಅಡುಗೆಮನೆಯ ಲೈಟನ್ನು ಆರಿಸಿ ಹತ್ತಿಸಿ ಊಟಕ್ಕೆ ಕರೆಯುವುದನ್ನು ಕಲಿತೆಯಲ್ಲ, ಮಿಲ್ಲಿನ ಹಿಂದಿನ ಕಿಟಕಿಯಿಂದ ನಾನು ಅದನ್ನು ಕಾಯುತ್ತಿದ್ದೆ. ನೀನಿಲ್ಲದಾಗ ಆ ಲೈಟು ಸುಮ್ಮನೆ ಉರಿಯುತ್ತಿರುತ್ತದೆ.

ಮೊನ್ನೆ ಭಾನುವಾರ ನೀನು ಫೋನು ಮಾಡಿದಾಗ ಪ್ರಮೋದ್ ಸ್ಪೀಕರ್ ಹಾಕಿದ. ನಾನು ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆ. ಯಾವತ್ತೂ ನೀವಿಬ್ಬರೂ ಅಷ್ಟುದ್ದ ಮಾತಾಡಿದ ಮೇಲೆ ಅವನು ನನಗೆ ‘ಅಮ್ಮ ಚೆನ್ನಾಗಿದಾರಂತೆ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದ. ನೀನು ಮಾತಾಡುವುದೆಲ್ಲ ನನ್ನ ಬಗ್ಗೆ ಎಂದು ಆ ಬಡ್ಡೀಮಗ ಒಂದು ದಿನವಾದರೂ ಹೇಳಿದ್ದಾನೆಯೇ? ‘ಸಾರು ಬಿಸಿ ಮಾಡಿಕೊಡು, ಆರಿದ್ರೆ ತಿನ್ನಲ್ಲ ಅವ್ರು. ಸ್ವೆಟರ್ ಮೇಲಿನ ಬೀರುನಲ್ಲಿದೆ. ಒಬ್ರೇ ಕೂತಿದ್ರೆ ಪಕ್ಕದಲ್ಲಿ ಸುಮ್ನೆ ಹೋಗಿ ಕೂತ್ಕೊ, ಮಾತು ಬೇಡ.’ ಎಲ್ಲ ಕೇಳಿಸಿತು. ನಿನ್ನ ದನಿ ಸ್ವಲ್ಪ ದಪ್ಪವಾಗಿದೆ ಸುಧಾ. ನನ್ನ ತಲೆಯಲ್ಲಿ ಇದ್ದದ್ದು ಹಳೆಯ ದನಿ. ಇದೂ ಚೆನ್ನಾಗಿದೆ, ಇದೇ ಇರಲಿ. ಹಿಂದಿನಿಂದ ಕೂಸು ಅತ್ತಿತು. ಅದೂ ಕೇಳಿಸಿತು. ನಾನು ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಸಂತೋಷಕ್ಕೆ ಅತ್ತೆ, ಸುಳ್ಳೇಕೆ ಹೇಳಲಿ.

ಆದ್ದರಿಂದ ಈ ಕಾಗದ ಕೈಸೇರಿದ ದಿನವೇ ಫೋನು ಮಾಡು. ಪ್ರಮೋದನ ಹತ್ತಿರ ಮಾತಲ್ಲ, ಫೋನು ನನ್ನ ಕೈಗೆ ಕೊಡಲು ಹೇಳು. ಅಳಿಯನಿಗೆ, ಬೀಗರಿಗೆ ನನ್ನ ನಮಸ್ಕಾರ. ಹೇಮಶ್ರೀಗೆ, ಕೂಸಿಗೆ ತಲೆ ಸವರಿ ಆಶೀರ್ವಾದ ಹೇಳು. ಮಂಡಿಗೆ ಎಣ್ಣೆ ಹಚ್ಚಿಕೊ.

ಇಂತಿ ನಿನ್ನ,
ಬೈಲಪ್ಪ

ಮರೆತ ಮಾತು: ಕವರ್ ಅಂಟಿಸುವಷ್ಟರಲ್ಲಿ ಮನಸ್ಸು ಬದಲಾಯಿತು, ಫೋನು ಮಾಡಬೇಡ. ಪ್ರಮೋದ್ ಟಿಕೆಟ್ ಮಾಡಿಸಿದ್ದಾನೆ, ನಾಮಕರಣಕ್ಕೆ ಮೊದಲೇ ಬರುತ್ತಿದ್ದೇನೆ. ಮುಂದಿನ ಬುಧವಾರ ಬೆಳಗ್ಗೆ ಹೊಸಪೇಟೆ ಬಸ್‌ಸ್ಟ್ಯಾಂಡಿಗೆ ಬಾ. ಮಿಲ್ಲಿಗೆ ಬೀಗ, ಅಪ್ಪನ ಕಾಲದಿಂದ ಇದೇ ಮೊದಲು. ಈ ಸಲ ಬಸ್ಸಿನ ಕಿಟಕಿಯೊಳಗೆ ನಾನಿರುತ್ತೇನೆ, ಹೊರಗೆ ನೀನು ನಿಂತಿರು. ಮೊದಲು ‘ರೀ’ ಎಂದು ಕರೆ. ಆಮೇಲೆ ಅವತ್ತು ಅಂದದ್ದನ್ನೇ ಅನ್ನು, ಒಂದಕ್ಷರವೂ ಬದಲಾಯಿಸಬೇಡ. ಏನೇ ಆಗಿರಲಿ, ನಾನಂತೂ ಆಗಲೇ ‘ಆಯ್ತು’ ಅಂದಾಗಿದೆ.